ಬೀಗರ ಮಾತು ಕಲಿಯಲು ಹೊರಟವರು

ಚೀನೀ ಭಾಷೆಯ ಸಂಜೆ ತರಗತಿಗೆ ಮೊದಲ ದಿನವೇ ನಾನು ಹತ್ತು ನಿಮಿಷ ತಡವಾಗಿ ಹೋದೆ. ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕೂತುಬಿಡಬೇಕೆಂದು ಬಾಗಿಲು ತೆರೆದರೆ, ಮುಂದಿನ ಸಾಲಿನ ನಟ್ಟನಡುವೆ ಒಬ್ಬ ಹಿರಿಯರು ಕೂತಿದ್ದರು. ಬಿಳಿ ಮೀಸೆ, ತೋಳಿಲ್ಲದ ಉಣ್ಣೆಯ ಸ್ವೆಟರ್, ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನುಗಳು. ಸುತ್ತ ಇದ್ದವರೆಲ್ಲ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು. ಟೀಚರ್ ಹಾಜರಿ ಕರೆಯುತ್ತ ನನ್ನ ಹೆಸರು ಹೇಳಿದ್ದೇ ತಡ, ಅವರು ಪೂರ್ತಿ ಹಿಂದಕ್ಕೆ ತಿರುಗಿ ಇಡೀ ತರಗತಿಗೆ ಕೇಳುವಂತೆ, "ಕನ್ನಡದಾಕಿ ಏನು? ಬಾ, ಇಲ್ಲೆ ಕೂಡು. ಹಿಂದ ಕೂತವರಿಗೆ ಭಾಷಾ ಬರೂದಿಲ್ಲ" ಅಂದರು.

ನಾನು ಹೋಗಿ ಅವರ ಪಕ್ಕ ಕೂತೆ. "ಥ್ಯಾಂಕ್ಸ್ ಅಂಕಲ್" ಅಂದೆ.

"ಅಂಕಲ್ ಅನ್ನಬ್ಯಾಡ. ಅಂಕಲ್ ಅಂದ್ರ ಯಾರೂ ಅಲ್ಲ. ಕಾಕಾ ಅನ್ನು."

ಅವತ್ತಿನಿಂದ ಅವರು ನನಗೆ ಕಾಕಾ. ತರಗತಿಯ ಹುಡುಗರಿಗೆ ಅವರು ‘ಯೇಯೇ’, ಅಂದರೆ ಚೀನೀ ಭಾಷೆಯಲ್ಲಿ ಅಜ್ಜ. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಅವರಿಗೆ ಮೈಯೆಲ್ಲ ಮುಳ್ಳಾಗುತ್ತಿತ್ತು.

ನಾನು ಮೈಸೂರಿನವಳು. ಆ ಆಗಸ್ಟಿನಲ್ಲಿ ನನ್ನ ಕೆಲಸ ಹೋಗಿತ್ತು. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಒಳಗೆ ಬಿಟ್ಟುಕೊಳ್ಳಲಿಲ್ಲ, ಅಷ್ಟೇ. ಗ್ರೀನ್ ಕಾರ್ಡ್ ಬಂದಿದ್ದರಿಂದ ದೇಶ ಬಿಡುವ ಭಯವಿರಲಿಲ್ಲ. ಆದರೆ ಜನರ ಮುಖ ನೋಡುವ ಧೈರ್ಯವೂ ಇರಲಿಲ್ಲ. ಗಣೇಶನ ಹಬ್ಬಕ್ಕೆ ಹೋಗಲಿಲ್ಲ, ಗೆಳತಿಯರ ಫೋನ್ ಎತ್ತಲಿಲ್ಲ. ಮೈಸೂರಿನಲ್ಲಿದ್ದ ಅಮ್ಮನಿಗೆ ಕೆಲಸ ಹೋದದ್ದನ್ನು ಹೇಳಲೇ ಇಲ್ಲ. ಹಳೆಯ ಟೀಮಿನಲ್ಲಿ ಅರ್ಧ ಜನ ಚೀನಾದವರಿದ್ದರು. ಊಟದ ಮೇಜಿನಲ್ಲಿ ಅವರ ಮಾತನ್ನು ಐದು ವರ್ಷ ಕೇಳಿಸಿಕೊಂಡಿದ್ದೆ. ಮನೆಯಲ್ಲಿ ಕೂರಲಾರದೆ, ಅದನ್ನಾದರೂ ಕಲಿಯೋಣವೆಂದು ನಮ್ಮ ಕಡೆಯ ಒಂದು ಕಮ್ಯುನಿಟಿ ಕಾಲೇಜಿಗೆ ಸೇರಿಕೊಂಡಿದ್ದೆ.

ಕಾಕಾ ಧಾರವಾಡದ ಕಡೆಯವರು. ನಲವತ್ತು ವರ್ಷದ ಹಿಂದೆ ಅಮೆರಿಕಕ್ಕೆ, ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದು, ಆಮೇಲೆ ವಿಮಾನದ ಕಾರ್ಖಾನೆ ಸೇರಿದವರು. ಕೆಲಸ ಏನೆಂದು ಕೇಳಿದರೆ, "ರೆಕ್ಕಿ ಮುರಿಯೂದು" ಅನ್ನುತ್ತಿದ್ದರು. ಹೊಸ ವಿಮಾನದ ರೆಕ್ಕೆಯನ್ನು ಯಂತ್ರಕ್ಕೆ ಕಟ್ಟಿ, ಅದು ಎಷ್ಟು ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ನೋಡುವ ವಿಭಾಗ ಅವರದು. ನಿವೃತ್ತರಾಗಿ ಹತ್ತಿರದ ನ್ಯೂಕ್ಯಾಸಲ್‌ನಲ್ಲಿದ್ದರು. ಮಗ ಪಕ್ಕದ ಊರು ಸಮಾಮಿಶ್‌ನಲ್ಲಿ. ಸೊಸೆ ಚೀನಾದವಳು.

ಚೀನೀ ಭಾಷೆಯಲ್ಲಿ ಒಂದೇ ಪದವನ್ನು ನಾಲ್ಕು ಸ್ವರದಲ್ಲಿ ಹೇಳಬಹುದು, ನಾಲ್ಕಕ್ಕೂ ಬೇರೆ ಬೇರೆ ಅರ್ಥ. ನಮಗೆಲ್ಲ ಅದು ತಲೆನೋವಾಗಿದ್ದಾಗ ಕಾಕಾ ಒಂದು ದಾರಿ ಕಂಡುಕೊಂಡರು. ಅಂಗೈಯನ್ನು ವಿಮಾನ ಮಾಡಿ ಮೇಜಿನ ಮೇಲೆ ಹಾರಿಸುತ್ತಿದ್ದರು. "ಮೊದಲನೇದು ಸೀದಾ ಹಾರೂದು. ಎರಡನೇದು ಟೇಕಾಫ್. ಮೂರನೇದು ಏರ್ ಪಾಕೆಟ್ ಒಳಗ ಬಿದ್ದು ಏಳೂದು. ನಾಕನೇದು ಲ್ಯಾಂಡಿಂಗ್." ತರಗತಿಯ ಹುಡುಗರೆಲ್ಲ ಅದನ್ನು ಕಲಿತರು. ಪರೀಕ್ಷೆಯ ದಿನ ಇಪ್ಪತ್ತು ಕೈಗಳು ಮೇಜಿನ ಮೇಲೆ ಹಾರುವುದನ್ನು ನೋಡಿ ಟೀಚರ್ ನಗು ತಡೆಯಲಾರದೆ ಹೊರಗೆ ಹೋಗಿ ಬಂದರು. ಕೈ ಅಷ್ಟು ಚೆನ್ನಾಗಿ ಹಾರಿದರೂ ಕಾಕಾನ ನಾಲಿಗೆ ಮಾತ್ರ ಹಾರುತ್ತಿರಲಿಲ್ಲ. ಎಲ್ಲವೂ ಧಾರವಾಡದ ರಾಗದಲ್ಲೇ ಇಳಿಯುತ್ತಿತ್ತು. ತಿದ್ದಿದರೆ ಒಪ್ಪುತ್ತಲೂ ಇರಲಿಲ್ಲ. "ನಾ ಹಂಗಽ ಅಂದೆನಲ್ಲ!" ಎಂದು ಟೀಚರ್ ಜೊತೆ ವಾದಕ್ಕೆ ನಿಲ್ಲುತ್ತಿದ್ದರು. ಆಕೆ ಬೀಜಿಂಗಿನಲ್ಲಿ ಹುಟ್ಟಿದವರು ಎನ್ನುವುದು ಆ ಹೊತ್ತಿಗೆ ಅವರಿಗೆ ಲೆಕ್ಕಕ್ಕಿರುತ್ತಿರಲಿಲ್ಲ.

ಒಂದು ದಿನ ಬಿಡುವಿನಲ್ಲಿ ಕಾಫಿ ಕುಡಿಯುತ್ತ ಕೇಳಿದೆ: "ಕಾಕಾ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ಚೈನೀಸು? ಮೊಮ್ಮಗಳ ಹತ್ರ ಮಾತಾಡೋಕಾ?"

"ಮೊಮ್ಮಗಳು ಇಂಗ್ಲಿಷಿನ್ಯಾಗ ಬೈತಾಳ, ಅದು ತಿಳೀತದ. ಇದು ನಮ್ಮ ಬೀಗರ ಸಲುವಾಗಿ" ಅಂದರು.

ಆಮೇಲೆ ತುಂಡು ತುಂಡಾಗಿ, ಎರಡು ಮೂರು ವಾರಗಳಲ್ಲಿ, ಆ ಸಂಗತಿಯನ್ನೆಲ್ಲ ಹೇಳಿದರು.

ಮೊಮ್ಮಗಳು ಹುಟ್ಟಿದಾಗ ಸೊಸೆಯ ತಂದೆ ಆರು ತಿಂಗಳ ಮಟ್ಟಿಗೆ ಸಮಾಮಿಶ್‌ಗೆ ಬಂದಿದ್ದರು. ಸಿಚುವಾನ್ ಪ್ರಾಂತ್ಯದ ಲೆಶಾನ್ ಎಂಬ ನದಿದಂಡೆಯ ಊರಿನವರು, ಪ್ರವಾಸಿ ದೋಣಿಗಳ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಹೆಂಡತಿ ಎಂದೋ ತೀರಿಕೊಂಡಿದ್ದರು. ಕಾಕಾನಿಗೆ ಆಗ ಚೀನೀ ಬಾರದು, ಬೀಗರಿಗೆ ಇಂಗ್ಲಿಷ್ ಬಾರದು. ಒಂದು ಶನಿವಾರ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟು ನಿಂತಾಗ ಇಬ್ಬರೂ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ ಹರಡಿಕೊಂಡು ಕೂತರಂತೆ. "ನಾ ಕೈ ಚಾಚಿದ್ರ ಅಂವ ಬೇಕಾದ ಸ್ಪಾನರ್ ಇಡತಿದ್ದ. ಒಂದು ಮಾತಿಲ್ಲ. ಮೂವತ್ತು ವರ್ಷ ನನ್ನ ಕೈಯಾಗ ಕೆಲಸ ಮಾಡಿದವರಿಗೂ ಅಷ್ಟು ತಿಳೀತಿದ್ದಿಲ್ಲ."

ಅದೇ ಆರು ತಿಂಗಳಲ್ಲಿ ಕಾಕಾನ ಹೆಂಡತಿ ಕಾಕುಗೆ ಕಾಯಿಲೆ ಉಲ್ಬಣಿಸಿತು. ಬೀಗರು ಬೆಳಿಗ್ಗೆ ಮಗಳ ಕಾರಿನಲ್ಲಿ ನ್ಯೂಕ್ಯಾಸಲ್‌ಗೆ ಬಂದು ಅಕ್ಕಿಯ ಗಂಜಿ ಮಾಡಿಟ್ಟು, ಸಂಜೆ ಅವಳ ಜೊತೆಗೇ ಹೋಗುತ್ತಿದ್ದರು. ಕಾಕುಗೆ ಕೊನೆಕೊನೆಗೆ ಒಳಗಿಳಿಯುತ್ತಿದ್ದದ್ದು ಆ ಗಂಜಿಯೊಂದೇ. ಅವರು ತೀರಿಕೊಂಡು, ದಹನ ಮುಗಿದ ಸಂಜೆ ಮನೆ ತುಂಬ ಜನ. ಕಾಕಾ ಹಿತ್ತಲ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಬೀಗರು ಬಂದು ಪಕ್ಕದಲ್ಲಿ ಕೂತು, ಎದುರಿನ ಮರಗಳನ್ನು ನೋಡುತ್ತ ಮಾತಾಡತೊಡಗಿದರು. ತಮ್ಮ ಭಾಷೆಯಲ್ಲಿ, ನಿಧಾನವಾಗಿ, ಕಾಲು ಗಂಟೆಯ ಮೇಲೆ. ಆಮೇಲೆ ಕಾಕಾನ ಬೆನ್ನು ತಟ್ಟಿ ಎದ್ದು ಹೋದರು. ಮುಂದಿನ ವಾರ ವೀಸಾದ ಅವಧಿ ಮುಗಿದು ಊರಿಗೂ ಹೊರಟುಹೋದರು.

"ಏನಂದರಂತೆ?" ಎಂದೆ.

"ಅದಽ ಗೊತ್ತಿಲ್ಲ. ಆರು ತಿಂಗಳದಾಗ ಟೀ, ಥ್ಯಾಂಕ್ಯೂ ಬಿಟ್ರ ಒಂದು ಮಾತು ಆಡದ ಮನಷ್ಯಾ. ಅವತ್ತು ಅಷ್ಟು ಹೇಳ್ಯಾನಂದ್ರ ಏನೋ ಇರಬೇಕಲ್ಲ."

"ನಿಮ್ಮ ಸೊಸೆಗೆ ಹೇಳಿದ್ರೆ ಒಂದು ಫೋನ್ ಮಾಡಿ ಕೇಳಲ್ವಾ?"

ಅವರು ಕಾಫಿಯ ಲೋಟ ಕೆಳಗಿಟ್ಟರು. "ಮಗಳು ಒಳಗಽ ಇದ್ಲು. ಕರದು, ಇದನ್ನ ಹೇಳು ಅನ್ನಬಹುದಿತ್ತು. ಕರೀಲಿಲ್ಲ. ಆಕಿಗೆ ಕೇಳಸಬಾರದು ಅಂತಽ ಇದ್ದಿದ್ರ? ನನಗ ಹೇಳಿದ್ದು, ತಂಗಿ. ನಾನಽ ಹೋಗಿ ಕೇಳಬೇಕು."

ಫೋನಿನ ಅನುವಾದದ ಆ್ಯಪ್ ಅನ್ನೂ ಅವರು ಪರೀಕ್ಷಿಸಿ ನೋಡಿದ್ದರು. ವಿಡಿಯೋ ಕಾಲಿನಲ್ಲಿ ಬೀಗರು ಆಡಿದ ಎರಡು ಮಾತಿಗೆ ಅದು "ಮೀನಿನ ಮದುವೆ ನಾಳೆ" ಎಂದಿತಂತೆ. ಬೀಗರದು ಆ ಸೀಮೆಯ ಆಡುಮಾತು, ಆ್ಯಪ್‌ಗೆ ದಕ್ಕುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಕಾಲೇಜು ಆರು ವಾರದ ಬೇಸಿಗೆ ತರಗತಿಗೆ ವಿದ್ಯಾರ್ಥಿಗಳನ್ನು ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿಗೆ ಕರೆದೊಯ್ಯುತ್ತದೆ ಎಂದು ಗೊತ್ತಾದಾಗ ಕಾಕಾ ಮೊದಲು ಹೆಸರು ಕೊಟ್ಟರು. ಅಲ್ಲಿಂದ ಲೆಶಾನ್‌ಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ನಾನು ಹಿಂದೆಮುಂದೆ ನೋಡುತ್ತಿದ್ದೆ. ನನ್ನ ಗಂಡನೇ, "ಹೋಗಿ ಬಾ. ಇಲ್ಲಿ ಕೂತು ಮಾಡೋದೇನಿದೆ?" ಅಂದ. ಆ ಮಾತು ಚುಚ್ಚಿತಾದರೂ ನಿಜವಾಗಿತ್ತು.

ಚೆಂಗ್ಡುವಿನಲ್ಲಿ ನಮ್ಮನ್ನು ಒಂದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇಳಿಸಿದರು. ಕಾಕಾನಿಗೆ ಮೂರನೆಯ ಮಹಡಿ. ಲಿಫ್ಟ್ ಇರುವ ಕಡೆ ಬೇರೆ ಕೋಣೆ ಕೊಡುತ್ತೇವೆಂದರೂ ಒಪ್ಪಲಿಲ್ಲ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಪಾಠ. ದಿನಕ್ಕೆ ಮೂವತ್ತು ಹೊಸ ಪದ, ಮರುದಿನ ಕಿರುಪರೀಕ್ಷೆ. ಮೊದಲ ವಾರ ಕಾಕಾನಿಗೆ ಇಪ್ಪತ್ತಕ್ಕೆ ನಾಲ್ಕು ಬಂತು. ಅವರು ಆ ಕಾಗದವನ್ನು ಕೋಣೆಯ ಬಾಗಿಲಿಗೆ ಅಂಟಿಸಿದರು, ಬಂದವರೆಲ್ಲ ನೋಡಲಿ ಎಂದು. "ನಾಚಿಕಿ ಅಂದ್ರ ಮುಚ್ಚಿಟ್ರ ಬೆಳೀತದ, ತಗದಿಟ್ರ ಒಣಗತದ" ಎಂದರು. ಅದರ ಪಕ್ಕಕ್ಕೆ ಏಳು ಬಂತು, ಹನ್ನೊಂದು ಬಂತು. ಹದಿನೈದು ಬಂದ ದಿನ ಇಡೀ ಮಹಡಿಯ ಹುಡುಗರು ಬಾಗಿಲ ಮುಂದೆ ನಿಂತು ಚಪ್ಪಾಳೆ ತಟ್ಟಿದರು.

ಊಟದ್ದೊಂದು ಕಥೆ. ಕಾಕಾ ಪಕ್ಕಾ ಸಸ್ಯಾಹಾರಿ. ‘ನಾನು ಸಸ್ಯಾಹಾರಿ’ ಎನ್ನುವುದಕ್ಕೆ ‘ವೊ ಛ ಸೂ’ ಎನ್ನಬೇಕು. ಇವರ ಬಾಯಲ್ಲಿ ಅದು ‘ವೊ ಛ ಶೂ’ ಆಗುತ್ತಿತ್ತು, ‘ನಾನು ಪುಸ್ತಕ ತಿನ್ನುತ್ತೇನೆ’ ಎಂದು. ಹಾಸ್ಟೆಲಿನ ಎದುರಿಗೆ ಪುಟ್ಟ ಖಾನಾವಳಿ ಇಟ್ಟುಕೊಂಡಿದ್ದ ಹೆಂಗಸು ಮೊದಲ ದಿನ ಬಿದ್ದು ಬಿದ್ದು ನಕ್ಕು, ಎರಡನೆಯ ದಿನ ಮೆನು ಪುಸ್ತಕವನ್ನೇ ತಟ್ಟೆಯ ಮೇಲಿಟ್ಟು ತಂದುಕೊಟ್ಟಳು. ಕಾಕಾ ಅದಕ್ಕೆ ಉಪ್ಪು ಉದುರಿಸಿದಂತೆ ಮಾಡಿ ತಿನ್ನುವ ನಟನೆ ಮಾಡಿದರು. ಮೂರನೆಯ ದಿನದಿಂದ ಅವರಿಗೆಂದೇ ಬೇರೆ ಬಾಣಲೆಯಲ್ಲಿ ಬದನೆಕಾಯಿ, ಬೀನ್ಸು ತಯಾರಾಗುತ್ತಿದ್ದವು. ಅಲ್ಲಿನ ಖಾರಕ್ಕೆ ನಮ್ಮ ಹುಡುಗರೆಲ್ಲ ಕಣ್ಣಲ್ಲಿ ನೀರು ಸುರಿಸುವಾಗ ಕಾಕಾ ಮಾತ್ರ, "ಬ್ಯಾಡಗಿ ಮೆಣಸಿನಕಾಯಿ ತಂದು ಕೊಟ್ರ ಇವರು ಏನ ಮಾಡ್ಯಾರು!" ಎಂದು ಇನ್ನೊಂದು ಚಮಚ ಹಾಕಿಕೊಳ್ಳುತ್ತಿದ್ದರು.

ವಾರಾಂತ್ಯಕ್ಕೆ ವಿಶ್ವವಿದ್ಯಾಲಯದವರು ನಮ್ಮನ್ನು ಊರು ನೋಡಲು ಕರೆದುಕೊಂಡು ಹೋಗುತ್ತಿದ್ದರು. ಪಾಂಡಾಗಳನ್ನು ನೋಡಿ ಕಾಕಾ, "ಇವಕ್ಕ ತಿನ್ನೂದು ಬಿಟ್ರ ಏನೂ ಕೆಲಸಿಲ್ಲ, ಆದರೂ ಎಷ್ಟು ಜನ ನೋಡಾಕ ಬಂದಾರ" ಎಂದು ಬೆರಗಾದರು. ಹಳೆಯ ದೇವಾಲಯಗಳಲ್ಲಿ ತೊಲೆ ಕಂಬಗಳ ಸಂದುಗಳನ್ನು ಕೈಯಿಂದ ತಡವಿ, ಮೊಳೆಯಿಲ್ಲದೆ ಹೇಗೆ ಕೂಡಿಸಿದ್ದಾರೆಂದು ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದರು. ಗೈಡ್ ಹೇಳುವುದನ್ನು ಕೇಳುತ್ತಿರಲಿಲ್ಲ. ಎಲ್ಲರೂ ಬಸ್ಸು ಹತ್ತಿದ ಮೇಲೆ ಯಾವುದೋ ಬೆಂಚಿನ ಮೇಲೆ ಯಾರೋ ಮುದುಕರ ಜೊತೆ ಕೈಸನ್ನೆಯಲ್ಲಿ ಹರಟುತ್ತ ಸಿಗುತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮರೆತು ಒಮ್ಮೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ನಾನು ಜೋರಾಗಿ ಬೈದೆ. ಮರುದಿನದಿಂದ ಮಾತ್ರೆಯ ಡಬ್ಬಿಯನ್ನು ನನ್ನ ಕೈಗೇ ಒಪ್ಪಿಸಿ, ಸಣ್ಣ ಹುಡುಗನ ಹಾಗೆ ಅಂಗೈ ಒಡ್ಡುತ್ತಿದ್ದರು.

ಐದನೆಯ ವಾರದ ಶನಿವಾರ ನಾವಿಬ್ಬರೂ ಲೆಶಾನ್‌ಗೆ ಹೋದೆವು. ತಾವೊಬ್ಬರೇ ಹೋಗುವುದಾಗಿ ಮೊದಲು ಹೇಳುತ್ತಿದ್ದವರು ಹಿಂದಿನ ದಿನ ಬಂದು, "ನೀನೂ ಬಾ ತಂಗಿ. ಮಾತು ಸಿಗಲಿಕ್ಕಂದ್ರ ಒಂದು ಕೈ ಹಚ್ಚು. ಪೂರಾ ನೀನಽ ಮಾತಾಡಬ್ಯಾಡ" ಎಂದಿದ್ದರು. ರೈಲಿನಲ್ಲಿ ದಾರಿಯುದ್ದಕ್ಕೂ ಒಂದು ಚೀಟಿ ಹಿಡಿದು ತುಟಿ ಅಲುಗಿಸುತ್ತಿದ್ದರು. ವಿಮಾನದ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡವರ ಮುಂದೆ ನಿಂತು ವರದಿ ಒಪ್ಪಿಸಿದ ಮನುಷ್ಯ. ಅವರು ಅದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದಿಕೊಳ್ಳುವುದನ್ನು ನೋಡಿ ನಾನು ಕಿಟಕಿಯ ಕಡೆ ತಿರುಗಿದೆ.

ಬೀಗರು ನಿಲ್ದಾಣಕ್ಕೇ ಬಂದಿದ್ದರು. ಗಿಡ್ಡಗೆ, ಗಟ್ಟಿಮುಟ್ಟಾಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಬಹಳ ಹೊತ್ತು ಅಲುಗಿಸಿದರು. ಬೀಗರು ಮೊದಲು ನಮ್ಮನ್ನು ದೋಣಿಗೆ ಹತ್ತಿಸಿದರು, ಊರಿನ ಬೃಹತ್ ಬುದ್ಧನನ್ನು ತೋರಿಸದೆ ಹೇಗೆ ಬಿಟ್ಟಾರು? ಮೂರು ನದಿಗಳು ಕೂಡುವಲ್ಲಿ, ಇಡೀ ಬೆಟ್ಟದ ಮುಖವನ್ನೇ ಕಡೆದು ಕೂರಿಸಿದ ಮೂರ್ತಿ ಅದು. ನೋಡುತ್ತ ನೋಡುತ್ತ ನನಗೆ ಕತ್ತು ನೋವು ಬಂತು. ಕಾಕಾ ನೋಡಿದ್ದು ಅರೆಗಳಿಗೆ ಮಾತ್ರ. ದೋಣಿಯ ಎಂಜಿನ್ನಿನ ಸದ್ದಿಗೆ ಇಬ್ಬರೂ ಒಟ್ಟಿಗೆ ಕಿವಿ ಓರೆ ಮಾಡಿದರು, ಒಬ್ಬರ ಮುಖ ಒಬ್ಬರು ನೋಡಿ ಒಟ್ಟಿಗೇ ತಲೆ ಅಲ್ಲಾಡಿಸಿದರು. ಎಂಜಿನ್ನಿನಲ್ಲಿ ಏನೋ ಸರಿಯಿರಲಿಲ್ಲವಂತೆ.

ಆಮೇಲೆ ನದಿಯ ದಡದ ಒಂದು ಚಹಾ ಅಂಗಡಿಯಲ್ಲಿ ಬಿದಿರಿನ ಕುರ್ಚಿಗಳ ಮೇಲೆ ಕೂತೆವು. ಮುಚ್ಚಳದ ಬಟ್ಟಲುಗಳಲ್ಲಿ ಚಹಾ ಬಂತು. ಕಾಕಾ ಚೀಟಿ ತೆಗೆದರು. ಮತ್ತೆ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಬೀಗರ ಕಣ್ಣು ನೋಡುತ್ತ, ತಮ್ಮ ಅದೇ ಧಾರವಾಡದ ರಾಗದ ಚೀನೀಯಲ್ಲಿ ಕೇಳಿದರು: "ನನ್ನ ಹೆಂಡತಿ ತೀರಿಕೊಂಡ ದಿನ ನೀವು ನನ್ನ ಪಕ್ಕ ಕೂತಿರಿ. ಬಹಳ ಮಾತಾಡಿದಿರಿ. ನನಗೆ ತಿಳಿಯಲಿಲ್ಲ. ಈಗ ಭಾಷೆ ಕಲಿತಿದ್ದೇನೆ. ಮತ್ತೊಮ್ಮೆ ಹೇಳುತ್ತೀರಾ?"

ಬೀಗರು ಬಟ್ಟಲನ್ನು ಕೆಳಗಿಟ್ಟರು. ಕಾಕಾನನ್ನೇ ದಿಟ್ಟಿಸಿದರು. ಮೊದಲು ಅವರ ಬಾಯಿಂದ ಬಂದದ್ದು ಒಂದೇ ಮಾತು: "ತಿಳಿಯಲಿಲ್ಲವೇ? ನೀವು ಎಲ್ಲದಕ್ಕೂ ತಲೆಯಾಡಿಸಿದಿರಲ್ಲ!"

ನಾನು ನಕ್ಕುಬಿಟ್ಟೆ. ಅವರಿಬ್ಬರೂ ನಗಲಿಲ್ಲ.

ಬೀಗರು ಹೇಳತೊಡಗಿದರು. ಆ ಸೀಮೆಯ ಮಾತು ನನಗೂ ಅರ್ಧಂಬರ್ಧ. ಸಿಗದಿದ್ದಾಗ ಅವರು ನನ್ನ ನೋಟ್‌ಬುಕ್ಕಿನಲ್ಲಿ ಅಕ್ಷರ ಬರೆದು ತೋರಿಸುತ್ತಿದ್ದರು. ಕಾಕಾ ಆ ಅಕ್ಷರಗಳ ಮೇಲೆ ಬೆರಳಿಟ್ಟು, ತಿಳಿದದ್ದನ್ನು ತಮ್ಮ ಮಾತಿನಲ್ಲಿ ಹೇಳಿ, ಸರಿಯೇ ಎಂದು ಕೇಳುತ್ತಿದ್ದರು. ಬಿಸಿನೀರು ಸುರಿಯುವವನು ನಾಲ್ಕು ಸಲ ಬಂದು ಹೋದ. ಹೀಗೆ ಎರಡು ಗಂಟೆ ಹಿಡಿಯಿತು.

ಹೇಳಿದ್ದು ಇಷ್ಟು. ತಮ್ಮ ಹೆಂಡತಿ ತೀರಿಕೊಂಡಾಗ ಬೀಗರು ಒಂದು ವರ್ಷ ಬಾಗಿಲು ಹಾಕಿಕೊಂಡರು. ಕೆಲಸಕ್ಕೆ ಹೋಗಿ ಬರುವುದು ಬಿಟ್ಟರೆ ಯಾರೊಡನೆಯೂ ಮಾತಿಲ್ಲ. ಮಗಳು ಆಗ ಹತ್ತೊಂಬತ್ತರವಳು, ಅವಳಿಗೂ ತಾಯಿ ಹೋಗಿದ್ದಳು. ಅವಳು ಅಡುಗೆ ಮಾಡಿ ಬಾಗಿಲು ತಟ್ಟಿದರೆ ಇವರು ತೆರೆಯುತ್ತಿರಲಿಲ್ಲ. ಅದೇ ವರ್ಷ ಅವಳು ಅಮೆರಿಕಕ್ಕೆ ಓದಲು ಹೊರಟಳು. ಇವರು ಬೀಳ್ಕೊಡಲು ನಿಲ್ದಾಣದವರೆಗೂ ಹೋಗಲಿಲ್ಲ. ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ, ಅದಕ್ಕೇ ಅದು ಇನ್ನೂ ಮಾಸಿಲ್ಲ. "ನಿಮಗೆ ಅವತ್ತು ಹೇಳಿದ್ದು ಅದನ್ನೇ. ಅತ್ತುಬಿಡಿ, ಕುಡಿಯಬೇಕಾದರೆ ಕುಡಿಯಿರಿ, ಏನು ಬೇಕಾದರೂ ಮಾಡಿ. ಬಾಗಿಲು ಮಾತ್ರ ಹಾಕಿಕೊಳ್ಳಬೇಡಿ. ನಿಮ್ಮ ಮಗ ಹೊರಗೆ ನಿಂತಿರುತ್ತಾನೆ."

ಕಾಕಾ ತಮ್ಮ ಬಟ್ಟಲಿಗೆ ಮುಚ್ಚಳ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಾ ಅದನ್ನಽ ಮಾಡಿದೆ ತಂಗಿ. ಒಂದು ವರ್ಷ. ಮಗ ದಿನಾ ಸಂಜೀಕೆ ಬಂದು ಬೆಲ್ ಮಾಡತಿದ್ದ. ನಾ ಒಳಗ ಲೈಟ್ ಆರಿಸಿ ಕೂಡತಿದ್ದೆ. ಅವತ್ತಽ ತಿಳಿದಿದ್ರ ಆ ವರ್ಷ ಉಳೀತಿತ್ತು" ಅಂದರು. ಕಣ್ಣೊರೆಸಿಕೊಂಡು, ಅದನ್ನೇ ಚೀನೀಯಲ್ಲಿ ಬೀಗರಿಗೂ ಹೇಳಿದರು. ನಾನು ಒಂದು ಪದವನ್ನೂ ಒದಗಿಸಬೇಕಾಗಿ ಬರಲಿಲ್ಲ. ಬೀಗರು ಎದ್ದು ಕುರ್ಚಿಯನ್ನು ಎಳೆದು ಕಾಕಾನ ಪಕ್ಕಕ್ಕೆ ಹಾಕಿಕೊಂಡರು. ಅಲ್ಲಿಂದ ಮುಂದೆ ಅವರೇನು ಮಾತಾಡಿಕೊಂಡರೋ ನನಗೆ ತಿಳಿಯದು. ನಾನು ನೀರಿನ ಹತ್ತಿರ ಹೋಗಿ ನಿಂತಿದ್ದೆ.

ಹಿಂದಿರುಗುವ ರೈಲಿನಲ್ಲಿ ಕಾಕಾ ನಿದ್ದೆ ಮಾಡುತ್ತಾರೆಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು: "ನಿಮ್ಮವ್ವ ಫೋನ್ ಮಾಡಿದಾಗ ನೀ ಯಾಕ ಕಟ್ ಮಾಡ್ತಿ?"

"ಮೀಟಿಂಗಲ್ಲಿದೀನಿ ಅಂದ್ಕೊಳ್ತಾರೆ ಕಾಕಾ."

"ಆಕಿ ಹಂಗ ತಿಳಕೋತಾಳ. ನಿನಗ ಗೊತ್ತದಲ್ಲ, ಮೀಟಿಂಗ್ ಇಲ್ಲಂತ."

ಅವರು ಅಷ್ಟೇ ಅಂದದ್ದು. ನಾನು ಎರಡು ಬೋಗಿಗಳ ನಡುವಿನ ಜಾಗಕ್ಕೆ ಹೋಗಿ ಮೈಸೂರಿಗೆ ಕಾಲ್ ಮಾಡಿದೆ. ಅಮ್ಮ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಅಳುವುದು ಅವರಿಗೆ ಬಾರದು. ಹತ್ತು ತಿಂಗಳ ಸುಳ್ಳನ್ನೆಲ್ಲ ಕೇಳಿಸಿಕೊಂಡು, "ಊಟ ಸರಿಯಾಗಿ ಮಾಡ್ತಿದೀಯಾ?" ಎಂದು ಮಾತ್ರ ಕೇಳಿದರು. ಆಮೇಲೆ, "ನಿಮ್ಮಣ್ಣಂಗೆ ನಾನೇ ಹೇಳ್ತೀನಿ, ನೀನು ಹೇಳಕ್ಕೆ ಹೋಗ್ಬೇಡ" ಅಂದರು. ವಾಪಸು ಬಂದು ಕೂತಾಗ ನನ್ನ ಮುಖ ಹೇಗಿತ್ತೋ, ಕಾಕಾ ಒಂದು ಕಿತ್ತಳೆ ಹಣ್ಣು ಸುಲಿದು ಅರ್ಧ ಕೊಟ್ಟರು.

ಚೀನಾದಿಂದ ಬಂದ ಮೇಲೆ ನನಗೆ ಬೇರೆ ಕೆಲಸ ಸಿಕ್ಕಿತು, ಹಿಂದಿನದಕ್ಕಿಂತ ಚಿಕ್ಕದು. ಕಾಕಾನ ಜೊತೆಗಿನ ಬಳಕೆ ನಿಲ್ಲಲಿಲ್ಲ. ಅವರು ಈಗ ವಾರಕ್ಕೊಮ್ಮೆ ಬೀಗರಿಗೆ ಫೋನ್ ಮಾಡಿ ಗಂಟೆಗಟ್ಟಲೆ ಕೂರುತ್ತಿದ್ದರು. ಏನು ಮಾತು ಎಂದರೆ, "ಮಣಕಾಲು ನೋವು. ಇಬ್ಬರಿಗೂ ಅದ" ಎನ್ನುತ್ತಿದ್ದರು. ಮೊಮ್ಮಗಳು ಶಾಲೆಗೆ ಹೋಗತೊಡಗಿದ ಮೇಲೆ ದಿನಾ ಮಧ್ಯಾಹ್ನ ನ್ಯೂಕ್ಯಾಸಲ್‌ನಿಂದ ಸಮಾಮಿಶ್‌ಗೆ ಡ್ರೈವ್ ಮಾಡಿ, ಅವಳನ್ನು ಶಾಲೆಯಿಂದ ಪಕ್ಕದ ಪಾರ್ಕಿಗೆ ಕರೆತರುತ್ತಿದ್ದರು. ಫ್ರೀವೇಯಲ್ಲಿ ಅವರು ಓಡಿಸುವ ನಿಧಾನಕ್ಕೆ ಹಿಂದಿನ ಕಾರಿನವರು ಹಾರ್ನ್ ಹೊಡೆದರೆ ಕೈ ಬೀಸಿ ನಮಸ್ಕಾರ ಹೇಳುತ್ತಿದ್ದರು.

ಸಮಾಮಿಶ್‌ನ ಪಾರ್ಕುಗಳನ್ನು ನೋಡಿದವರಿಗೆ ಗೊತ್ತು. ಮೊಮ್ಮಕ್ಕಳನ್ನು ಆಡಿಸಲು ಬಂದ ನಮ್ಮ ಕಡೆಯ ಅಜ್ಜಿ ತಾತಂದಿರು ಒಂದು ಬೆಂಚಿನಲ್ಲಿ, ಚೀನಾದ ಅಜ್ಜಿ ತಾತಂದಿರು ಇನ್ನೊಂದರಲ್ಲಿ. ಮಕ್ಕಳು ಒಂದೇ ಜಾರುಬಂಡೆಯಲ್ಲಿ ಜಾರಿದರೂ ಇವರ ನಡುವೆ ಬರಿಯ ಮುಗುಳ್ನಗೆ. ಕಾಕಾ ಮಡಚುವ ಕುರ್ಚಿಯೊಂದನ್ನು ತಂದು ಎರಡು ಬೆಂಚುಗಳ ನಡುವೆ ಹಾಕಿಕೊಂಡರು. ನಾನೂ ಅವರ ಜೊತೆ ಹೋಗಿದ್ದ ಒಂದು ದಿನ ಚೀನಾದ ಅಜ್ಜಿಯೊಬ್ಬರು ಮನೆಯ ಹಿತ್ತಲಿನ ಸೊಪ್ಪು ತಂದು ಸೋಸುತ್ತಿದ್ದರು. ಗುಂಟೂರಿನ ಅಮ್ಮನೊಬ್ಬರು ಅದನ್ನೇ ನೋಡುತ್ತಿದ್ದವರು ತಡೆಯಲಾರದೆ ಎದ್ದು ಬಂದು, "ಇದಿ ಮಾ ತೋಟಕೂರ ಕದಾ!" ಎಂದರು, ಇದು ನಮ್ಮ ತೋಟಕೂರ ಸೊಪ್ಪಲ್ಲವೇ ಎಂದು. ಕಾಕಾ, "ಹೌದು, ನಮ್ಮ ರಾಜಗಿರಿ" ಎಂದು, ಅಜ್ಜಿಗೆ ಅದನ್ನು ಚೀನೀಯಲ್ಲಿ ವಿವರಿಸಿದರು. ಮೈಸೂರಿನವಳಾದ ನನಗೆ ಅದು ದಂಟಿನ ಸೊಪ್ಪು. ಮರುದಿನ ಆ ಅಜ್ಜಿ ಕಾಗದದ ಪೊಟ್ಟಣದಲ್ಲಿ ಬೀಜ ತಂದುಕೊಟ್ಟರು. ಆ ಬೇಸಿಗೆ ಪಾರ್ಕಿನ ಪಕ್ಕದ ಬೀದಿಯಲ್ಲಿ ನಾಲ್ಕು ಮನೆಗಳ ಹಿತ್ತಲಲ್ಲಿ ದಂಟು ಎದ್ದಿತು. ಹೀಗೆ ಆ ಎರಡು ಬೆಂಚುಗಳ ನಡುವೆ ಬಿ.ಪಿ. ಮಾತ್ರೆ, ಸೊಸೆಯರು, ಉಪ್ಪಿನಕಾಯಿ ಎಲ್ಲವೂ ಕಾಕಾನ ಮೂಲಕ ಹಾದುಹೋಗತೊಡಗಿದವು.

ಈ ವರ್ಷ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಮಗನೇ ಫೋನ್ ಮಾಡಿ ತಿಳಿಸಿದ. ಲೆಶಾನ್‌ನಿಂದ ಬೀಗರು ಬರಲು ವೀಸಾ ಸಿಗಲಿಲ್ಲ. ದಹನದ ದಿನ ವಿಡಿಯೋದಲ್ಲಿ ಅವರು ಎದ್ದು ನಿಂತು, ಎಲ್ಲ ಮುಗಿಯುವವರೆಗೂ ನಿಂತೇ ಇದ್ದರು. ಇದ್ದವರ ಪೈಕಿ ಹೆಚ್ಚು ಅತ್ತವಳು ಕಾಕಾನ ಸೊಸೆ.

ಮುಂದಿನ ವಾರ ಮಗ ಸೊಸೆ ಇಬ್ಬರಿಗೂ ಕೈ ಬಿಡುವಿರಲಿಲ್ಲ. ಮಗುವನ್ನು ಶಾಲೆಯಿಂದ ನಾನು ಕರೆತರುತ್ತೇನೆಂದೆ. ಅವಳು ಎಂದಿನಂತೆ ಪಾರ್ಕಿಗೆ ಹೋಗೋಣವೆಂದಳು. ಉಯ್ಯಾಲೆ ಹತ್ತಿ ಕೂತಳು, ಆದರೆ ಜೀಕಲಿಲ್ಲ. ನಾನು ಬೆಂಚಿನ ತುದಿಯಲ್ಲಿ ಕೂತೆ. ಸೊಪ್ಪಿನ ಅಜ್ಜಿ ನನ್ನನ್ನು ಗುರುತಿಸಿ ಹತ್ತಿರ ಬಂದು ಕೇಳಿದರು, "ಯೇಯೇ ಎಲ್ಲಿ? ಒಂದು ವಾರವಾಯಿತು."

ನಾನು ಚೀನೀಯಲ್ಲಿ, "ಹೋದರು" ಅಂದೆ. ಸತ್ತರು ಎನ್ನಲು ಅವರೂ ನಮ್ಮಂತೆ ಹಾಗೆಯೇ ಹೇಳುತ್ತಾರೆ.

"ಎಲ್ಲಿಗೆ? ಇಂಡಿಯಾಗಾ?" ಎಂದು ಅವರು ಕೇಳಿದರು. "ನಮಗೆ ಹೇಳದೆ ಹೋದರಾ? ಯಾವಾಗ ಬರುತ್ತಾರೆ?"

ನನಗೆ ಬೇರೆ ಪದ ಹೊಳೆಯಲಿಲ್ಲ. ಸುಮ್ಮನೆ ಅವರ ಮುಖ ನೋಡಿದೆ. ಅವರಿಗೆ ತಿಳಿಯಿತು. ಒಂದು ಕ್ಷಣ ಕೈಯನ್ನು ಬಾಯಿಗೆ ಒತ್ತಿಕೊಂಡು ನಿಂತರು. ಆಮೇಲೆ ನಡೆದುಹೋಗಿ ಉಯ್ಯಾಲೆಯ ಮುಂದೆ ಮೊಣಕಾಲೂರಿ, ಮಗುವಿನ ಸ್ವೆಟರಿನ ಬಿಚ್ಚಿಹೋಗಿದ್ದ ಗುಂಡಿಗಳನ್ನು ಒಂದೊಂದಾಗಿ ಹಾಕಿದರು. ಏನೋ ಕೇಳಿದರು. ಮಗು ತಲೆಯಾಡಿಸಿತು. ಅವಳ ಶಾಲೆಯ ಚೀಲವನ್ನು ಎತ್ತಿಕೊಂಡು ನನ್ನ ಹತ್ತಿರ ಬಂದು ಕೂತರು.

"ಇವಳ ಮನೆ ನಮ್ಮ ಬೀದಿಯಲ್ಲೇ ಇದೆ" ಎಂದರು. "ನಾಳೆಯಿಂದ ನನ್ನ ಮೊಮ್ಮಗನ ಜೊತೆ ಇವಳನ್ನೂ ನಾನೇ ಶಾಲೆಯಿಂದ ಕರೆತರುತ್ತೇನೆ. ಇವಳಮ್ಮನಿಗೆ ನಾನೇ ಹೋಗಿ ಹೇಳುತ್ತೇನೆ. ನೀನು ಕೆಲಸ ಬಿಟ್ಟು ಬರಬೇಡ."

ಅವರು ಜೋರಾಗಿ, ತಮ್ಮೂರಿನ ಧಾಟಿಯಲ್ಲಿ ಮಾತಾಡುತ್ತಿದ್ದರು. ಒಂದು ಮಾತನ್ನೂ ನಾನು ಎರಡನೆಯ ಸಲ ಕೇಳಬೇಕಾಗಲಿಲ್ಲ.